ಕಾಸಿಲ್ಲದ ಒತ್ತು

ಚಪ್ಪಲಿ ಮೇಲೇ ಬಿಟ್ಟು ಇಳಿದೆ.
ಹದಿನಾರೋ ಹದಿನೇಳೋ ಮೆಟ್ಟಿಲು, ಎಣಿಕೆ ತಪ್ಪಿತು,
ಹಿಂದಿದ್ದ ಹುಡುಗರು ಟ್ಯೂಬ್‌ಲೈಟಿನ ಕೆಳಗೆ
ಕೂ ಎಂದು ಕೂಗಿ, ತಮ್ಮ ಕೂಗನ್ನೇ ವಾಪಸು ಪಡೆದು ನಗುತ್ತಿದ್ದರು.
ಕಾವಲಿನ ಚೌರಪ್ಪ ತುಟಿಗೆ ಬೆರಳಿಟ್ಟ.
ಮೇಲೆ ಅಶೋಕ ರಸ್ತೆ, ಸಿಟಿ ಬಸ್ಸು,
ಲಷ್ಕರ್ ಮೊಹಲ್ಲಾದ ಬೇಕರಿಯ ಬನ್ನಿನ ವಾಸನೆ;
ಇಲ್ಲಿ ಮೇಣ, ತೇವದ ಸುಣ್ಣ,
ಒಂದಾಳು ನಡೆಯುವಷ್ಟು ಓಣಿ, ಎರಡೂ ಕಡೆ
ಬಿಳಿಗಲ್ಲು, ಕಲ್ಲಿನ ತುಂಬ ಸತ್ತವರು.

ನಾನು ಬಂದದ್ದು ಸಂತಳಿಗಲ್ಲ.
(ಗಾಜಿನೊಳಗೆ ಒರಗಿದ ಆ ಹುಡುಗಿಗೆ ಕೈ ಮುಗಿದೆ, ಅದು ಬೇರೆ.)
ನಾನು ಬಂದದ್ದು ಒಂದು ತಪ್ಪು ನೋಡಲು.

ನಮ್ಮಪ್ಪ ಸಿಂಗ್ರಾಚಾರಿ, ಅಕ್ಷರಕ್ಕೆ ನಾಲ್ಕಾಣೆ.
ಓದು ಬಾರದು. ಮೇಸ್ತ್ರಿ ಸೀಸದಕಡ್ಡಿಯಲ್ಲಿ ಎಳೆದುಕೊಟ್ಟ ಗೆರೆ
ಉಳಿಯ ಬಾಯಿಗೆ ಬಂದಷ್ಟೇ ಅವನ ವಿದ್ಯೆ.
ಉದ್ದ ಹೆಸರಿನವರು ಸತ್ತ ವಾರ ನಮ್ಮ ಸಾರು ಗಟ್ಟಿ.
ಜ್ಞಾನಪ್ರಕಾಶಂ ಎಂಬವರು ತೀರಿಕೊಂಡಾಗ
ಅಮ್ಮ ಒಬ್ಬಟ್ಟು ಮಾಡಿದ್ದಳಂತೆ.

ಒತ್ತಿಗೆ ಕಾಸಿಲ್ಲ ಅಂದ ಕಂತ್ರಾಟುದಾರ.
ಒತ್ತು ಅಕ್ಷರವಲ್ಲವಂತೆ, ಅಕ್ಷರದ ಬಾಲ;
ಹಸು ಕೊಂಡವನು ಬಾಲಕ್ಕೆ ಬೇರೆ ಕೊಡುತ್ತಾನಾ?
ಅಪ್ಪ ಮೂರು ದಿನ ವಾದಿಸಿ, ನಾಲ್ಕನೆಯ ದಿನ
ಯಾರೋ ಒಬ್ಬ ಇನ್ನಾಸಪ್ಪನ ಕಲ್ಲಿನಲ್ಲಿ
ಕೊನೆಯ ಒತ್ತು ಕೆತ್ತದೆ ಎದ್ದು ಬಂದನಂತೆ.
‘ಇನ್ನಾಸಪ ಅಂತ ಮಲಗವ್ನೆ ಅಲ್ಲಿ.
ಮಲಗಿರಲಿ, ಲೋಕ ಇರೋಗಂಟ.’
ಮೀಸೆಯಡಿ ನಗು. ಈ ಕಥೆ ನಮ್ಮ ಮನೆಯಲ್ಲಿ
ಹಬ್ಬಕ್ಕೊಮ್ಮೆ ಬಡಿಸುವ ಪಾಯಸ.
ಎಂಟು ವರ್ಷದ ನನಗೆ ಮಾತ್ರ ಭಯ:
ಆತನ ಮಕ್ಕಳು ಬಂದು ಕರೆದರೆ
ಹೇಗೆ ಓಗೊಟ್ಟಾನು, ಅರ್ಧ ಅಪ್ಪ?

ಒಂದು ಮೈಲಿ ದೂರದಲ್ಲಿ ನಲವತ್ತು ವರ್ಷ
ಸೀರೆಗೆ ಫಾಲ್ಸ್ ಹೊಲಿದೆ. ಬರಲಿಲ್ಲ.
ಇವತ್ತು ದಾರಕ್ಕೆಂದು ಬಂದವಳು,
ಆ ನಂಬರಿನ ಹಸಿರು ಸಿಗದೆ, ಬಸ್ಸೂ ತಪ್ಪಿ...

ಆರೋಗ್ಯಮ್ಮ. ಅಂತೋಣಿ. ತಮಿಳಿನ ಸೂಸೈ.
ಇಂಗ್ಲಿಷಿನಲ್ಲಿ ಯಾರೋ ಸಾಹೇಬ.
ಎರಡು ದಿನದ ಕೂಸು, ಹೆಸರಿಲ್ಲ, ತಾರೀಕು ಮಾತ್ರ
(ಅಂಕಿಗೆ ಎಷ್ಟು ಕೊಡುತ್ತಿದ್ದರೋ).
ಓಣಿ ತಿರುಗುವಲ್ಲಿ, ಮಂಡಿಯ ಎತ್ತರಕ್ಕೆ, ಸಿಕ್ಕ.
ಕೂತೆ. ಕನ್ನಡಕ ಒರೆಸಿ ಓದಿದೆ.
ಕಪ್ಪು ತುಂಬಿದ ಅಕ್ಷರ, ಒಂದೊಂದೂ ನೆಟ್ಟಗೆ:
ಇನ್ನಾಸಪ.
ಪಕಾರದ ಕೆಳಗೆ ಬರೀ ಬಿಳಿ.

ಇಷ್ಟು ಸಿಟ್ಟು ಇಷ್ಟು ವರ್ಷ ಇಟ್ಟುಕೊಂಡ ಕಲ್ಲು!
ಒರೆಸಿಬಿಡುವವಳಂತೆ ಹೆಬ್ಬೆರಳು ಇಟ್ಟೆ.
ಸೂಜಿ ಚುಚ್ಚಿ ಚುಚ್ಚಿ ಉಳಿದ ಬೆರಳಿಗೆ ಸ್ಪರ್ಶ ಸತ್ತಿದೆ,
ಹೆಬ್ಬೆರಳೊಂದು ಇನ್ನೂ ಬದುಕಿದೆ.
ಅದು ತಡೆಯಿತು. ಅಲ್ಲೊಂದು ಹಳ್ಳ.
ಇಳಿಯುತ್ತದೆ, ಸುತ್ತುತ್ತದೆ, ಬಾಲ ಎಡಕ್ಕೆ ಒಂಚೂರು ಸೊಟ್ಟ,
ಥೇಟು ನಮ್ಮ ಹಿತ್ತಲ ಒರಳಿನ ಮೇಲೆ
ಅಜ್ಜ ಕಾಳಪ್ಪನ ಹೆಸರಿಗಿರುವ ಸೊಟ್ಟ.
ಬಣ್ಣದವನು ಬಂದು ಹೋದ ಮೇಲೆ ಕೆತ್ತಿದ್ದು.
ಕಪ್ಪಿಲ್ಲ. ಬಿಳಿಯೊಳಗೆ ಬಿಳಿ.

ಯಾವತ್ತು ಬಂದೆಯಪ್ಪಾ? ಯಾರ ಕಾಲು ಹಿಡಿದು ಕೀಲಿ ತೆಗೆಸಿದೆ?
ಉಳಿಯ ಸದ್ದಿಗೆ ಪಕ್ಕದ ಕಲ್ಲಿನವರು ಎದ್ದರೇ?
ಹೋಗಿ, ಪಂಚೆಯ ಪುಡಿ ಕೊಡವಿ,
ಮತ್ತೆ ಅದೇ ಕಥೆ ಹೇಳಿದೆಯಲ್ಲ, ಅದೇ ನಗು,
ಅಮ್ಮ ಸಾಯುವವರೆಗೂ.

ಅವನನ್ನು ಪಶ್ಚಿಮವಾಹಿನಿಯಲ್ಲಿ ಬಿಟ್ಟೆವು.
ನೀರಿಗೆ ಕೆತ್ತುವ ಆಚಾರಿ ಇನ್ನೂ ಹುಟ್ಟಿಲ್ಲ.

‘ಟೈಮಾಯ್ತು ತಾಯಿ’ ಅಂದ ಚೌರಪ್ಪ. ‘ನಿಮ್ಮೋರಾ?’
ಕಲ್ಲು ನೋಡಿದೆ, ಅವನನ್ನು ನೋಡಿದೆ.
‘ಒತ್ತು ನಮ್ದು’ ಅಂದೆ.
ಅವನು ತಲೆಯಾಡಿಸಿ ದೀಪ ಆರಿಸುತ್ತ ಬಂದ.

ಹೊರಹೋಗುವ ಬಾಗಿಲು ಬೇರೆ ಕಡೆಗಿತ್ತು.
ಚಪ್ಪಲಿಗಾಗಿ ಇಡೀ ಚರ್ಚನ್ನು ಬರಿಗಾಲಲ್ಲಿ ಸುತ್ತಿದೆ,
ಕಾದ ಕಲ್ಲಿನ ಮೇಲೆ, ಹೆಬ್ಬೆರಳನ್ನು
ಮುಷ್ಟಿಯೊಳಗೆ ಮಡಚಿಕೊಂಡು.