ನೆಲದಡಿಯ ಮೂರನೇ ಅಂತಸ್ತು

ಹದಿನಾರು ಚೌಕ ಅಗಲ, ಹದಿನಾರು ಚೌಕ ಎತ್ತರ:
ನಮ್ಮ ವೀರ ಇಷ್ಟರಲ್ಲೇ ನಿಲ್ಲಬೇಕು, ನಡೆಯಬೇಕು,
ಕತ್ತಿ ಬೀಸಬೇಕು, ಸಾಯಬೇಕು.
ನಡಿಗೆಗೆ ನಾಲ್ಕು ಚಿತ್ರ, ಸಾವಿಗೆ ಆರು.
ಸಾವೇ ಹೆಚ್ಚು ಬರುವುದರಿಂದ
ಅದಕ್ಕೇ ಹೆಚ್ಚು ಹೊತ್ತು ಕೂತಿದ್ದೇನೆ.

ವಿಲ್ಸನ್ ಗಾರ್ಡನ್ನಿನ ಅಡ್ಡರಸ್ತೆ,
ಮಹಡಿ ಮೇಲಿನ ತಗಡಿನ ಕೋಣೆ.
ಗೋಡೆಯಾಚೆ ನೀರಿನ ಟ್ಯಾಂಕು, ರಾತ್ರಿಯೆಲ್ಲ ಅದರ ಗೊಣಗು.
ನಾನು ಚುಕ್ಕಿ ಇಡುತ್ತೇನೆ. ಸಗಾಯರಾಜ ದಾಳ ಬರೆಯುತ್ತಾನೆ:
ಆಟಕ್ಕೊಂದು ಬೀಜಸಂಖ್ಯೆ,
ಆ ಬೀಜದಿಂದ ಓಣಿ, ಬಾಗಿಲು, ಬಾವಲಿ, ಬೊಕ್ಕಸ
ಪ್ರತಿ ಸಲವೂ ಹೊಸದಾಗಿ ಮೊಳೆಯಬೇಕು.
ನಿನ್ನೆ ಎಡಕ್ಕಿದ್ದ ಮೆಟ್ಟಿಲು ಇವತ್ತು ಎಡಕ್ಕಿರುವುದಿಲ್ಲ.
ನಮ್ಮೂರ ಒನ್‌ವೇ ಥರ, ಎಂದು ನಗುತ್ತಾನೆ.

ಮೊದಲು ಆಡಿದವರು ಓನರಮ್ಮ, ಮುನಿಯಲ್ಲಮ್ಮ.
ಮೋಟಾರಿನ ಕರೆಂಟು ಬಿಲ್ಲು ಹಿಡಿದು ಬಂದವರು
ಸೊಂಟದ ಕೀಲಿಗೊಂಚಲು ಸರಿಸಿ ಸ್ಟೂಲಿನ ಮೇಲೆ ಕೂತು
"ಇದ್ಯಾಕಮ್ಮಣ್ಣಿ, ಇವ್ನಿಗೆ ಮೂಗೇ ಇಲ್ಲ?"
ಜಾಗ ಇಲ್ಲಮ್ಮ, ಎರಡು ಚುಕ್ಕಿ ಕಣ್ಣಿಗೇ ಹೋಯಿತು.
"ಮೂಗಿಲ್ದೆ ಎಂಗೆ ಉಸಿರಾಡ್ತಾನೆ, ಪಾಪ" ಎನ್ನುತ್ತಲೇ
ಮೊದಲ ಬಾವಲಿಗೆ ಸತ್ತರು.

ಕೂಡಿಟ್ಟ ನಲವತ್ತು ಕಾಸು, ಬೆಳ್ಳಿ ಗುರಾಣಿ.
"ಎಲ್ಲಾ ಒಂಟೋಯ್ತಾ?"
ಎಲ್ಲಾ ಹೋಯ್ತು. ಮನೆ ಬಿಡುವಾಗ ಬಣ್ಣದ ಖರ್ಚು ಅಂತ
ನೀವು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುತ್ತೀರಲ್ಲ, ಹಾಗೆ.
ಅವರು ನಗಲಿಲ್ಲ.
"ನಾನು ಒಂದ್ ತಿಂಗ್ಳು ಬಾಡ್ಗೆ ಅಷ್ಟೇ ಇಡ್ಕೊಳ್ಳೋದು" ಎಂದು
ಮತ್ತೆ ಗುಂಡಿ ಒತ್ತಿದರು.

ಏನೂ ಉಳಿಯದ ಆಟದಲ್ಲಿ ಉಳಿಯುವುದು ಬೆರಳು ಮಾತ್ರ.
ರಾತ್ರಿ ಒಂದೊಂದೇ ಬೀಗ ಎಳೆದು ನೋಡುವ ಆ ಬೆರಳು
ವಾರದೊಳಗೆ ಬಾವಲಿಯ ರೆಕ್ಕೆಯ ಲಯ ಹಿಡಿದವು.
ಸಗಾಯರಾಜನಿಗಿಂತ ಒಂದು ಬಾಗಿಲು ಮುಂದೆ ಹೋದರು.

ನೆಲದಡಿಯ ಮೂರನೇ ಅಂತಸ್ತು: ಹಾಕಿ ಸ್ಟೇಡಿಯಮ್ಮಿನ ತಳ.
ನಾನು ಬಿಡಿಸಿದ್ದು ಪೈಪು, ಕತ್ತಲೆ, ಕೊಳಚೆ, ಅದರಲ್ಲೊಬ್ಬ ರಕ್ಕಸ.
ಅಲ್ಲಿಗೆ ಬಂದದ್ದೇ ಅವರು ಕತ್ತಿ ಇಳಿಸಿ ನಿಂತುಬಿಟ್ಟರು.
"ಇದು ಅಕ್ಕಿತಿಮ್ಮನಳ್ಳಿ ಕೆರೆ ಅಲ್ವಾ?
ನಮ್ಮವ್ವ ಇಲ್ಲೇ ಸೊಪ್ಪು ತೊಳೀತಿದ್ದಿದ್ದು.
ಕಟ್ಟೆ ಎಲ್ಲಿ?
ಕೂರೋಕೆ ಕಲ್ಲೆಲ್ಲಿ?"
ನಾನು ಉತ್ತರ ಹುಡುಕುವಷ್ಟರಲ್ಲಿ ರಕ್ಕಸ ಬಂದ.
ಆರು ಚಿತ್ರ. ಮತ್ತೆ ಮೊದಲ ಬಾಗಿಲು.

ಒಂಬತ್ತು ಸಲ ಹಾಗೇ. ಯಾರಿಗೂ ಜಗ್ಗದೆ ಇಳಿದು ಬಂದು
ನೀರಿನ ಮುಂದೆ ಸುಮ್ಮನೆ ನಿಲ್ಲುವುದು.
ಸಗಾಯರಾಜ ಟಿಪ್ಪಣಿ ಬರೆದ: ಆಟಗಾರ್ತಿಗೆ ಗುರಿ ಸ್ಪಷ್ಟವಿಲ್ಲ.

ನಮ್ಮಲ್ಲಿರುವುದು ಹದಿನಾರೇ ಬಣ್ಣ.
ಆ ನೀರು ಯಾವ ಬಣ್ಣ ಇತ್ತಮ್ಮ?
"ನೀಲಿ ಅಲ್ಲ, ಹಸ್ರೂ ಅಲ್ಲ. ಹುಣಸೆಹಣ್ಣು ಹಾಕಿ ಉಜ್ಜೋಕ್ ಮುಂಚೆ
ಕಿಲುಬು ಇಡ್ದಿರೋ ಹಂಡೆ ಇರ್ತದಲ್ಲ, ಅಂಗೆ."
ಹದಿನೇಳನೆಯದಕ್ಕೆ ಜಾಗವಿಲ್ಲ.
ಒಂದು ರಾತ್ರಿ ಕಾಸಿನ ಚಿನ್ನವನ್ನೇ ತೆಗೆದುಹಾಕಿದೆ.
ಈಗ ನಮ್ಮ ಬೊಕ್ಕಸದಲ್ಲಿ ಕಾಸೆಲ್ಲ ಬೆಲ್ಲದ ಚೂರು,
ಇರುವೆ ಬರುವುದೊಂದು ಬಾಕಿ.
ಕೆರೆಗೆ ಕಿಲುಬಿನ ಬಣ್ಣ. ದಡಕ್ಕೆ ನಾಲ್ಕು ಕಲ್ಲು.

ಕಲ್ಲಿಂದ ಏನು ಸಿಗತ್ತೆ? ಜೀವ ತುಂಬತ್ತಾ? ಶಕ್ತಿ?
ಏನೂ ಸಿಗಲ್ಲ. ಕೂರಬಹುದು.
ಕೂರುವುದಕ್ಕೂ ಚಿತ್ರ ಬೇಕಲ್ಲ, ಬಿಡಿಸಿದೆ:
ಮೊಣಕಾಲು ಮಡಿಸಿದ ವೀರ, ಹನ್ನೊಂದೇ ಚೌಕ ಎತ್ತರ.
ಎರಡು ದಿನ ಅವನು ಮಾತು ಬಿಟ್ಟಿದ್ದ.
ಮೂರನೇ ದಿನ ದಾಳಕ್ಕೊಂದು ಸಾಲು ಸೇರಿಸಿದ:
ಯಾವ ಬೀಜ ಬಿದ್ದರೂ ಈ ಕೆರೆ ಕದಲಬಾರದು.

ಒಂದನೇ ತಾರೀಖು ಮುನಿಯಲ್ಲಮ್ಮ ಬಂದರು.
ಬಾಡಿಗೆ ಈ ತಿಂಗಳಿಂದ ಎಂಟುನೂರು ಜಾಸ್ತಿ ಎಂದರು.
ನೀರಿನ ದುಡ್ಡು ಬೇರೆ ಎಂದರು.
ಸ್ಟೂಲು ಎಳೆದುಕೊಂಡು ಇಳಿದರು,
ಓಣಿ, ಬಾವಲಿ, ಬಾಗಿಲು, ಬಾವಲಿ,
ಕಲ್ಲಿನ ಮೇಲೆ ಕೂತರು.

ಹೊರಗೆ ಟ್ಯಾಂಕು ತುಂಬಿ ತಗಡಿನ ಮೇಲೆ ನೀರು ಸುರಿಯುತ್ತಿತ್ತು.
ಮೋಟಾರು ಆರಿಸಬೇಕೆಂದು ಇಬ್ಬರಿಗೂ ಗೊತ್ತಿತ್ತು.
ಪೈಪಿನ ಬಾಯಿಂದ ರಕ್ಕಸ ತಲೆ ಹಾಕಿದ.
"ತಡಿ" ಎಂದರು.
ಅವನಿಗೋ, ನನಗೋ.