ಮುಳ್ಳು ಎಷ್ಟು ಎದ್ದಿತು

ಜೂನ್ ತಿಂಗಳು. ಓರೂರೊದಾಚೆಯ ಎತ್ತರದ ಬಯಲಲ್ಲಿ
ಉಸಿರು ಬಾಯಿಂದ ಹೊರಬಿದ್ದು ಅಲ್ಲೇ ನಿಲ್ಲುತ್ತದೆ.
ಶಾಲೆಗೆ ಕರೆಂಟು ಬಂದಿಲ್ಲ; ಕಂಬ ಬಂದಿದೆ,
ಅದರ ಮೇಲೊಂದು ಗಿಡುಗ ಕೂರುತ್ತದೆ.

ನನ್ನ ಬಳಿ ಇರುವುದು ಗಾಜು ಸೀಳಿದ ಮೀಟರು,
ತಾಮ್ರದ ತಂತಿ, ಸತು ಬಳಿದ ಆರು ಮೊಳೆ,
ಹನ್ನೊಂದು ಮಕ್ಕಳು, ಮತ್ತು ಅವರು
ಅವ್ವಂದಿರ ಕಣ್ಣು ತಪ್ಪಿಸಿ ತಂದ ಅಡುಗೆ ಸಾಮಾನು.

ಗಜ್ಜರಿ ಮೊದಲು. ಮೊಳೆ ಒಂದು ಬದಿ, ತಂತಿ ಒಂದು ಬದಿ.
ಮುಳ್ಳು ಎರಡು ಗೆರೆ ಎದ್ದು ಸುಸ್ತಾಯಿತು.
ಈರುಳ್ಳಿ, ಪದರ ಪದರಕ್ಕೂ ಯೋಚಿಸಿ, ನಾಲ್ಕು.
ಯುಂಗಾಸ್ ಕಣಿವೆಯಿಂದ ಲಾರಿಯಲ್ಲಿ ಕುಲುಕಿ ಬಂದು
ಅರ್ಧ ಕಪ್ಪಾದ ಬಾಳೆಹಣ್ಣು ಮೆತ್ತಗೆ ಐದಕ್ಕೆ ಹತ್ತಿತು.
ನಿಂಬೆ ಮಾತ್ರ ಒಂಬತ್ತು.
'ಹುಳಿಗೆ ಸೊಕ್ಕು' ಎಂದ ವಿಲ್ಫ್ರೆಡೊ,
ತೊಟ್ಟಿಕ್ಕಿದ್ದನ್ನು ನೆಕ್ಕಲು ಹೋಗಿ ಬೈಸಿಕೊಂಡ.

ತಮಾಷೆಯೆಂದರೆ, ವೋಲ್ಟು ಕೇಳಿದರೆ
ಎಲ್ಲವೂ ಹೆಚ್ಚುಕಮ್ಮಿ ಒಂದೇ ಉತ್ತರ ಹೇಳುತ್ತವೆ.
ತಳ್ಳುವ ಆಸೆ ಎಲ್ಲಕ್ಕೂ ಅಷ್ಟೇ;
ಒಳಗೆ ಎಷ್ಟು ದಾರಿ ಬಿಡುತ್ತವೆ ಎಂಬುದು ಬೇರೆ.
ಇದನ್ನು ಹಲಗೆಯ ಮೇಲೆ ಬರೆದೆ. ಸೀಮೆಸುಣ್ಣ ಮುರಿಯಿತು.

ಆಲೂಗಡ್ಡೆಯ ಸರದಿ. ನಮ್ಮೂರದ್ದು, ಮಣ್ಣಂಟಿದ್ದು,
ಒಂದೊಂದಕ್ಕೂ ಹೆಸರಿಟ್ಟು ನಾವು ಸಾಕಿದ್ದು.
ಎದ್ದದ್ದು ಮೂರು ಗೆರೆ.
ಮಕ್ಕಳ ಮುಖ ಇಳಿಯಿತು, ಮನೆಯವರೇ ಸೋತ ಹಾಗೆ.

ಆಗ ನೀಲ್ಡಾ ಹೊದಿಕೆಯ ಗಂಟು ಬಿಚ್ಚಿದಳು.
ರಾತ್ರಿಯೆಲ್ಲ ಹುಲ್ಲಿನ ಮೇಲೆ ಹಿಮಕ್ಕೆ ಕಲ್ಲಾಗಿ,
ಬೆಳಗಿನ ಬಿಸಿಲಿಗೆ ಕರಗಿ,
ಹಿಚುಕಿದರೆ ನೀರು ಸೋರುವ ಆಲೂಗಡ್ಡೆ.
ಬರಿಗಾಲಲ್ಲಿ ತುಳಿದು ಚುನ್ಯೊ ಮಾಡಲೆಂದು
ಅವಳಜ್ಜಿ ಬಾಸಿಲಿಯಾ ಹರಡಿದ್ದು. ಕದ್ದದ್ದು.
ಮೊಳೆ ಬೆಣ್ಣೆಗೆ ಇಳಿದಂತೆ ಇಳಿಯಿತು.
ಮುಳ್ಳು ಹೋಗಿ ನಿಂಬೆಯ ಗೆರೆಯ ಪಕ್ಕ ನಿಂತಿತು.

'ಯಾಕೆ, ಪ್ರೊಫೆ?'
ಒಳಗಿನ ಪುಟ್ಟ ಪುಟ್ಟ ಕೋಣೆಗಳ ಗೋಡೆ ಒಡೆದಿವೆ, ಎಂದೆ.
ಉಪ್ಪುನೀರು ಮನೆಯಿಂದ ಮನೆಗೆ ಓಡಾಡುತ್ತಿದೆ.
ಬೇಯಿಸಿದರೂ ಹೀಗೇ.

ಮರುದಿನ ಅಜ್ಜಿಯೇ ಬಂದಳು, ಲೆಕ್ಕ ಕೇಳಲು.
ಲಂಗದ ಜೇಬಿಂದ ಹೋದ ವರ್ಷದ ಚುನ್ಯೊ ತೆಗೆದು
ಮೇಜಿಗೆ ಕುಟ್ಟಿದಳು, ಟಕ್.
'ಇದನ್ನು ಅಳೆ.'
ಮೊಳೆ ಬಾಗಿತು. ಜಪ್ಪಯ್ಯ ಅಂದರೂ ಮುಳ್ಳು ಅಲುಗಲಿಲ್ಲ.
'ಇದು ಹತ್ತು ವರ್ಷ ಇರುತ್ತದೆ' ಎಂದಳು. 'ನಿನ್ನ ನಿಂಬೆ?'

ಮಾತು ತಪ್ಪಿಸಲು ಮೂರು ಕರಗಿದ ಗಡ್ಡೆ ಸಾಲಾಗಿ ಜೋಡಿಸಿ
ಸಾಸಿವೆಯಷ್ಟು ಕೆಂಪು ದೀಪ ಹೊತ್ತಿಸಿ ತೋರಿಸಿದೆ.
ಬಗ್ಗಿ ನೋಡಿದಳು. 'ಇನ್ನು ಇದನ್ನು ತಿನ್ನಬಹುದೆ?'
ಇಲ್ಲ, ಸತು ಕರಗಿರುತ್ತದೆ.
ಬೆಳಕು ಗಡ್ಡೆಯದಲ್ಲ, ಅಜ್ಜಿ. ಗಡ್ಡೆ ಬರೀ ದಾರಿ.
ಸವೆಯುವುದು ಮೊಳೆ.

ಅವಳ ಗಂಡ ಇಪ್ಪತ್ತೆರಡು ವರ್ಷ
ಸತುವಿನ ಗಣಿಯಲ್ಲಿದ್ದನೆಂದು ಆಮೇಲೆ ನೆನಪಾಯಿತು.
ಅವಳು ಏನೂ ಅನ್ನಲಿಲ್ಲ. ಒಂದು ಮೊಳೆ ಕಿತ್ತು,
ಕಪ್ಪಾದ ತುದಿಯನ್ನು ಬೆಳಕಿಗೆ ಹಿಡಿದು,
ಲಂಗಕ್ಕೆ ಒರೆಸಿ ಜೇಬಿಗಿಳಿಸಿದಳು.

ದೀಪ ಆರಿತು.
ನನ್ನ ಬಳಿ ಈಗ ಐದು ಮೊಳೆ,
ಅದರಲ್ಲೊಂದು ಸೊಟ್ಟ.