ಸಮುದ್ರ ಮಟ್ಟದಿಂದ

ಯಶವಂತಪುರದ ಹಳದಿ ಬೋರ್ಡಿನ ಅಡಿಯಲ್ಲಿ ಬರೆದಿದೆ,
ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಎಂದು.
ಒಂಬೈನೂರರ ಮೇಲೆ ಏನೋ ಚಿಲ್ಲರೆ.
ಅಷ್ಟು ಎತ್ತರಕ್ಕೆ ಈ ಸಲ ಹಡಗುಗಳೇ ಹತ್ತಿ ಬಂದಿವೆ,
ತುಮಕೂರು ರಸ್ತೆಯ ಪ್ರದರ್ಶನದ ಅಂಗಳಕ್ಕೆ,
ಲಾರಿಗಳ ಮೇಲೆ, ತುಂಡು ತುಂಡಾಗಿ, ಥರ್ಮಾಕೋಲ್ ಹೊದ್ದು.

ಪಾಸು ಆಂತೋಣಿಸ್ವಾಮಿ ಸಾರ್ ಕೊಟ್ಟದ್ದು.
"ಹತ್ತೊಂಬತ್ತು ವರ್ಷ ಹಡಗಿನ ಬುಷ್ ಕಡೆದಿದ್ದೀಯ ರಾಜಮಣಿ,
ಒಂದು ಸಲ ಹಡಗು ನೋಡ್ಕೊಂಡು ಬಾ."
ಕೊರಳಿಗೆ ನೀಲಿ ಪಟ್ಟಿ, ಅದರ ತುದಿಗೆ ಹೆಸರು,
ಹೆಸರಿನ ಮುಂದೆ ಮಿಸ್ಟರ್.
ತಿದ್ದಿಸುವ ಸಾಲು ಉದ್ದವಿತ್ತು. ಮಿಸ್ಟರಾಗಿಯೇ ಒಳಗೆ ಹೋದೆ.

ನಾನು ಕಂಡ ನೀರು ಹಲಸೂರು ಕೆರೆ.
ತುಳಿಯುವ ಹಂಸದ ದೋಣಿ, ಅರ್ಧ ಗಂಟೆಗೆ ಇಷ್ಟು ಅಂತ.
ಮಗ ತುಳಿದ, ನಾನು ಸೀರೆ ಎತ್ತಿ ಕೂತಿದ್ದೆ.

ಇಲ್ಲೊಂದು ಯಂತ್ರ ಉಪ್ಪುನೀರನ್ನು ಸಿಹಿ ಮಾಡುತ್ತದಂತೆ,
ಎಂಜಿನ್ನು ಬಿಸಾಡುವ ಬಿಸಿಯಲ್ಲೇ, ದಿನಕ್ಕೆ ಇಪ್ಪತ್ತು ಸಾವಿರ ಲೀಟರ್.
"ಲಗ್ಗೆರೆಗೆ ಒಂದು ಕೊಡ್ತೀರಾ?" ಎಂದೆ.
"ಸಮುದ್ರ ತನ್ನಿ, ಕೊಡ್ತೀವಿ" ಎಂದ ಟೈ ಕಟ್ಟಿದ ಹುಡುಗ.
ಇಬ್ಬರೂ ನಕ್ಕೆವು. ಅವನ ಮನೆಗೂ ಟ್ಯಾಂಕರಂತೆ.

ಪಕ್ಕದ ಮಳಿಗೆಯಲ್ಲಿ ಹೊಟ್ಟೆ ಸೀಳಿಟ್ಟ ಹಡಗಿನ ಮಾದರಿ, ಆಳೆತ್ತರ.
ಸರಕು ಇಳಿಸಿದ ಮೇಲೆ ಖಾಲಿ ಹಡಗು ನೆಟ್ಟಗೆ ನಿಲ್ಲಲಾರದು,
ವಾಲುತ್ತದೆ, ಅದಕ್ಕೇ ಹೊಟ್ಟೆತುಂಬ ನೀರು ಕುಡಿಯುತ್ತದೆ
ಎಂದು ಬೆರಳಿಟ್ಟು ತೋರಿಸಿದಳು ಕಪ್ಪು ಕೋಟಿನವಳು.
ಇದೊಂದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.
ಲಾಕೌಟಿನ ಆ ನಾಲ್ಕು ತಿಂಗಳು...
ಇರಲಿ.

ಆಮೇಲೆ ಕೈಗೆ ಚುಕ್ಕಾಣಿ ಕೊಟ್ಟರು.
ಕತ್ತಲೆ ಕೋಣೆ, ಸುತ್ತ ಪರದೆ, ಪರದೆ ತುಂಬ ಆಷಾಢದ ಕಡಲು,
ದೂರದಲ್ಲಿ ಮಂಗಳೂರು ಬಂದರಿನ ದೀಪ, ಒಂದು ಹಸಿರು ಒಂದು ಕೆಂಪು.
ನೆಲ ಅಲುಗಲಿಲ್ಲ, ಕೆಳಗೆ ಬರೀ ಕಾಂಕ್ರೀಟು.
ಮೊಣಕಾಲು ನಂಬಲಿಲ್ಲ.
ಎಡಕ್ಕೆ ತಿರುಗಿಸಿದೆ. ಹಡಗಿಗೆ ಕೇಳಿಸಲೇ ಇಲ್ಲ.
ಇನ್ನಷ್ಟು ತಿರುಗಿಸಿದೆ. ಆಗ ಕೇಳಿಸಿತು, ಕೇಳಿಸಿದ್ದು ನಿಲ್ಲಲಿಲ್ಲ.
"ನಿಧಾನ ಮೇಡಂ, ಅದು ಬಿಎಂಟಿಸಿ ಅಲ್ಲ"
ಎನ್ನುವಷ್ಟರಲ್ಲಿ ಅಲೆತಡೆಯ ಕಲ್ಲು ಮುಖಕ್ಕೇ ಬಂತು.
ಹನ್ನೆರಡು ಸಾವಿರ ಟನ್ ಕಲ್ಲಿದ್ದಲು ಮುಳುಗಿಸಿ
ಒಂದು ಪೆನ್ನು, ಒಂದು ಬಟ್ಟೆಚೀಲ ಉಡುಗೊರೆ ಪಡೆದು ಹೊರಬಂದೆ.

ಕೊನೆಗೂ ಸಿಕ್ಕಿತು, ನಾಲ್ಕನೇ ಹಾಲ್‌ನ ಮೂಲೆಯಲ್ಲಿ.
ಉಕ್ಕಿನ ದಂಡ, ತುದಿಗೆ ಐದೆಸಳಿನ ಕಂಚು,
ದಂಡ ಹೊರಬರುವ ಬಾಯಲ್ಲಿ, ಅರ್ಧ ಕೊಯ್ದು ತೋರಿಸಿದ ಬುಷ್.
ಇಷ್ಟು ವರ್ಷ ನಾನು ನೋಡಿದ್ದು ಉಂಗುರ.
ಬೆರಳು ಇವತ್ತು ಕಂಡಿತು.
ಆಚೆ ಸಮುದ್ರ, ಈಚೆ ಎಂಜಿನ್ನು,
ನಡುವೆ ಕೂದಲೆಳೆಯ ಸಂದು. ಆ ಸಂದು ನನ್ನ ಕೆಲಸ.

ಮುಟ್ಟಬಾರದು ಎಂಬ ಚೀಟಿ ಇತ್ತು.
ಅಂಥ ಚೀಟಿ ನೋಡುವವರಿಗೆ.
ಕಿರುಬೆರಳು ಒಳಗಿಟ್ಟು ನಿಧಾನಕ್ಕೆ ಸವರಿದೆ.
ನಮ್ಮದಲ್ಲ.
ನಾನಾದರೆ ಅಂಚನ್ನು ಇಷ್ಟು ಚೂಪು ಬಿಡುವುದಿಲ್ಲ.
ಮತ್ತೆ ಮಧ್ಯದಲ್ಲೊಂದು ಕಡೆ, ಕಣ್ಣಿಗೆ ಕಾಣದ ನಡುಕ,
ಉಗುರಿಗೆ ಮಾತ್ರ ತಿಳಿಯುವಂಥದು.
ಟೂಲು ಸವೆದಿತ್ತು, ಊಟದ ಗಂಟೆ ಹತ್ತಿರವಿತ್ತು,
ಇದೊಂದು ಮುಗಿಸಿಬಿಡೋಣ ಎಂದುಕೊಂಡಿದ್ದಾರೆ ಯಾರೋ.
ಎಲ್ಲಿಯವರೋ, ಕೊಯಮತ್ತೂರೋ, ಕೊರಿಯಾವೋ,
ಹೆಂಗಸೋ ಗಂಡಸೋ, ಆ ದಿನ ಮನೆಯಲ್ಲಿ ಏನಾಗಿತ್ತೋ.
ಬೆರಳು ತೆಗೆಯಲು ಮನಸ್ಸು ಬರಲಿಲ್ಲ.

ಮಳಿಗೆಯವನು ಓಡಿ ಬಂದು "ಏನು ಬೇಕಿತ್ತು ಸಾರ್" ಎಂದ,
ಪಟ್ಟಿ ಓದಿ ಎಂದನೇನೋ, ಮುಖ ನೋಡಿ ನಾಲಿಗೆ ಕಚ್ಚಿದ.

ಮಾದಾವರದಿಂದ ಮೆಟ್ರೊ. ಕಿಟಕಿಯ ಕೆಳಗೆ
ಪೀಣ್ಯದ ಅಲೆತಗಡಿನ ಸೂರುಗಳು, ಮುಗಿಯುವುದೇ ಇಲ್ಲ.

ಸೋಮವಾರ ಹತ್ತು ಪೀಸು ಮೊದಲೇ ಟೂಲು ಬದಲಿಸಿದೆ.
"ಇನ್ನೂ ಓಡ್ತಿತ್ತಲ್ಲ, ಯಾಕೆ?" ಎಂದರು ಆಂತೋಣಿಸ್ವಾಮಿ ಸಾರ್.
"ಕಡಲು ಸರಿಯಿಲ್ಲ ಸಾರ್."
ಅವರು ಇನ್ಸರ್ಟಿನ ಬೆಲೆ ಹೇಳಿ, ಹೋಗಿ, ಮತ್ತೆ ಬಂದು
ಕೂಲಂಟಿನ ಹಾಲುನೊರೆಯನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತರು.